ಮನೆಯ ಲೇತಿನಲ್ಲಿ ಉಗಿಯಂತ್ರ

ಅಂಗೈ ಮೇಲೆ ಕೂರುವಷ್ಟು ಚಿಕ್ಕ ಉಗಿಯಂತ್ರಕ್ಕೆ ಮುಖ್ಯವಾಗಿ ಬೇಕಾದದ್ದು ಒಂದು ಲೇತು. ಸಿಲಿಂಡರ್, ಪಿಸ್ಟನ್, ಕ್ರ್ಯಾಂಕ್, ಎಕ್ಸೆಂಟ್ರಿಕ್, ಫ್ಲೈವೀಲ್ ಎಲ್ಲವೂ ದುಂಡಗಿನ ಭಾಗಗಳು; ಲೇತಿನಲ್ಲೇ ಆಗುವಂಥವು. ಇಂಗ್ಲೆಂಡಿನಲ್ಲಿ ಈ ಹವ್ಯಾಸಕ್ಕೆಂದೇ 1898ರಲ್ಲಿ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಶುರುವಾಯಿತು. ಸ್ಟುವರ್ಟ್ ಟರ್ನರ್ ಕಂಪನಿಯ ಎರಕದ ಭಾಗಗಳನ್ನು ತರಿಸಿಕೊಂಡು, ಮುಕ್ಕಾಲು ಇಂಚು ಬೋರಿನ (ಸಿಲಿಂಡರಿನ ಒಳವ್ಯಾಸದ) ಎಂಜಿನ್ ಮಾಡಿ ಕೈ ಪಳಗಿಸಿಕೊಂಡವರು ಅಲ್ಲಿ ಬಹಳ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ ದಾವಣಗೆರೆ–ಹರಿಹರ. ದಾವಣಗೆರೆ ಒಂದು ಕಾಲದಲ್ಲಿ ಹತ್ತಿ ಗಿರಣಿಗಳ ಊರಾಗಿತ್ತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತುಗಳಿಗೇ ಹೆಸರಾದ ಕಾರ್ಖಾನೆ. ಅದು ಮುಚ್ಚಿ ವರ್ಷಗಳಾದರೂ ಅಲ್ಲಿ ತಯಾರಾದ ಲೇತುಗಳು ಈಗಲೂ ವರ್ಕ್‌ಶಾಪುಗಳಲ್ಲಿ ದುಡಿಯುತ್ತಿವೆ. ಅಷ್ಟು ದೊಡ್ಡ ಯಂತ್ರ ದಾವಣಗೆರೆಯ ನಿಟ್ಟುವಳ್ಳಿಯ ಮನೆಯೊಂದರ ಹಿತ್ತಿಲಿಗೆ ಬೇಕಿಲ್ಲ. ಸಿಂಗಲ್ ಫೇಸ್ ಕರೆಂಟಿನಲ್ಲಿ ಓಡುವ, ಮೇಜಿನ ಮೇಲೆ ಕೂರುವ ಲೇತು ಸಾಕು.

ಮೊದಲು ಲೆಕ್ಕ. 20 ಮಿ.ಮೀ. ಬೋರ್, 20 ಮಿ.ಮೀ. ಸ್ಟ್ರೋಕ್ (ಪಿಸ್ಟನ್ನಿನ ಓಟ) ಇರುವ, ಪಿಸ್ಟನ್ನಿನ ಎರಡೂ ಬದಿಗೆ ಉಗಿ ನುಗ್ಗುವ ಎಂಜಿನ್ ಎಂದುಕೊಂಡರೆ, 2 ಬಾರ್ ಒತ್ತಡದಲ್ಲಿ ಪಿಸ್ಟನ್ ಮೇಲೆ ಬೀಳುವ ಬಲ ಸುಮಾರು ಆರೂವರೆ ಕೆ.ಜಿ. ಒಂದು ಸುತ್ತಿಗೆ 12.5 ಘನ ಸೆಂ.ಮೀ. ಉಗಿ ಖರ್ಚು. ನಿಮಿಷಕ್ಕೆ 500 ಸುತ್ತು ತಿರುಗಲು ಕಾಗದದ ಲೆಕ್ಕದಲ್ಲಿ ನಿಮಿಷಕ್ಕೆ 10 ಗ್ರಾಂ ನೀರು ಆವಿಯಾದರೆ ಸಾಕು. ಆದರೆ ತಣ್ಣನೆಯ ಸಿಲಿಂಡರ್ ಗೋಡೆಗೆ ತಾಗಿ ಒಂದಿಷ್ಟು ಉಗಿ ಮತ್ತೆ ನೀರಾಗಿಬಿಡುತ್ತದೆ. ಹಾಗಾಗಿ ಬಾಯ್ಲರನ್ನು ಇದರ ಎರಡು ಪಟ್ಟಿಗೆ ಅಂದಾಜು ಮಾಡುವುದು ಕ್ಷೇಮ.

ಕೆಲಸ ಶುರುವಾಗುವುದು ಸಿಲಿಂಡರಿನಿಂದ. ಬೀಡು ಅಥವಾ ಗನ್‌ಮೆಟಲ್ ಎರಕವನ್ನು ಲೇತಿನ ಚಕ್ಕಿಗೆ ಕಚ್ಚಿಸಿ ಬೋರ್ ಮಾಡಿ, ಬಿಚ್ಚದೆ ಅದೇ ಹಿಡಿತದಲ್ಲಿ ಒಂದು ಮುಖವನ್ನೂ ಫೇಸಿಂಗ್ ಮಾಡಬೇಕು. ಹಾಗೆ ಮಾಡಿದರೆ ಮಾತ್ರ ಮುಖ ಬೋರಿಗೆ ನೇರ ಲಂಬವಾಗಿರುತ್ತದೆ, ಮುಚ್ಚಳ ಓರೆಯಾಗದೆ ಕೂರುತ್ತದೆ. ಬೋರಿನ ಅಳತೆ ಕೂದಲೆಳೆಯಷ್ಟು ಹೆಚ್ಚಾದರೂ ಚಿಂತೆಯಿಲ್ಲ, ಪಿಸ್ಟನ್ನನ್ನು ಅದಕ್ಕೆ ತಕ್ಕಂತೆ ಕಡೆಯಬಹುದು. ಬೋರು ಉದ್ದಕ್ಕೂ ಒಂದೇ ಸಮನಾಗಿರುವುದು ಮುಖ್ಯ. ಆದ್ದರಿಂದ ಕೊನೆಯ ಕಟ್ ಆದ ಮೇಲೆ ಟೂಲನ್ನು ಮುಂದೆ ಒತ್ತದೆ ಮತ್ತೆರಡು ಸಲ ಓಡಿಸುತ್ತಾರೆ. ಪಿಸ್ಟನ್ನಿಗೆ ರಾಡನ್ನು ಮೊದಲೇ ಜೋಡಿಸಿ, ಆ ರಾಡನ್ನೇ ಹಿಡಿದು ಹೊರಮೈ ಕಡೆದರೆ ಎರಡರ ಕೇಂದ್ರವೂ ಒಂದೇ ಆಗುತ್ತದೆ. ದುಬಾರಿ ಯಂತ್ರ ಕೊಡಲಾರದ ನಿಖರತೆಯನ್ನು ಈ ಕ್ರಮ ಕೊಡುತ್ತದೆ.

ಹೊಸಬರ ತಾಳ್ಮೆ ಪರೀಕ್ಷಿಸುವುದು ಎಕ್ಸೆಂಟ್ರಿಕ್. ಉಗಿಯ ಬಾಗಿಲು ತೆರೆದು ಮುಚ್ಚುವ ಸ್ಲೈಡ್ ವಾಲ್ವನ್ನು ಹಿಂದೆ ಮುಂದೆ ಆಡಿಸುವ ಬಿಲ್ಲೆ ಅದು. ವಾಲ್ವು 5 ಮಿ.ಮೀ. ಚಲಿಸಬೇಕಾದರೆ ಬಿಲ್ಲೆಯ ತೂತು ಕೇಂದ್ರದಿಂದ 2.5 ಮಿ.ಮೀ. ಸರಿದಿರಬೇಕು. ನಾಲ್ಕು ಜಾ (ಹಿಡಿಯುವ ದವಡೆ) ಇರುವ ಚಕ್ಕಿನಲ್ಲಿ ಎದುರುಬದುರಿನ ಎರಡು ದವಡೆಗಳಲ್ಲಿ ಒಂದನ್ನು ಸಡಿಲಿಸಿ, ಇನ್ನೊಂದನ್ನು ಬಿಗಿ ಮಾಡಿ, ಚಕ್ಕನ್ನು ಕೈಯಲ್ಲೇ ನಿಧಾನ ತಿರುಗಿಸುತ್ತ ಬಿಲ್ಲೆಯ ಅಂಚಿಗೆ ತಾಗಿಸಿದ ಡಯಲ್ ಗೇಜಿನ ಮುಳ್ಳು ನೋಡಬೇಕು. ಒಂದು ಪೂರ್ತಿ ಸುತ್ತಿನಲ್ಲಿ ಮುಳ್ಳು ಸರಿಯಾಗಿ 5 ಮಿ.ಮೀ. ಆಡಿದರೆ ತೂತು ಹಾಕಬಹುದು. ಜೋಡಿಸುವಾಗ ಎಕ್ಸೆಂಟ್ರಿಕ್ ಕ್ರ್ಯಾಂಕಿಗಿಂತ 90 ಡಿಗ್ರಿಗೆ ತುಸು ಹೆಚ್ಚೇ ಮುಂದಿರಬೇಕು. ಎಂಜಿನ್ ಸದ್ದಿಲ್ಲದೆ ಓಡುತ್ತದೋ ಕುಂಟುತ್ತದೋ ಎಂಬುದು ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ.

ಸಿದ್ಧವಾದ ಎಂಜಿನ್ನನ್ನು ಮೊದಲು ಕಂಪ್ರೆಸರ್ ಗಾಳಿಯಲ್ಲಿ ಓಡಿಸುವುದು ರೂಢಿ. ಎಲ್ಲಿ ಬಿಗಿ, ಎಲ್ಲಿ ಸೋರಿಕೆ ಎಂಬುದು ಕೈ ಸುಡದೆ ತಿಳಿಯುತ್ತದೆ.

ಬಾಯ್ಲರಿನ ಮಾತೇ ಬೇರೆ. ತಾಮ್ರದ ಕೊಳವೆ, ತಾಮ್ರದ ತಟ್ಟೆ, ಬೆಳ್ಳಿ ಬೆಸುಗೆ ಇವು ಒಪ್ಪಿತ ವಿಧಾನ. ಸೀಸ–ತವರದ ಬೆಸುಗೆ ಸುಮಾರು 183 ಡಿಗ್ರಿಗೇ ಕರಗಲು ತೊಡಗುತ್ತದೆ. 2 ಬಾರ್ ಒತ್ತಡದ ಉಗಿಯೇ 133 ಡಿಗ್ರಿ ಇರುವಾಗ, ನೀರು ಇಳಿದು ಬರಿದಾದ ತಾಮ್ರ ಆ ಮಿತಿ ದಾಟಲು ಹೊತ್ತು ಬೇಕಿಲ್ಲ. ಬೆಂಕಿ ಹಾಕುವ ಮುನ್ನ ಒಳಗೆ ತಣ್ಣೀರು ತುಂಬಿ, ಕೆಲಸದ ಒತ್ತಡದ ಎರಡರಷ್ಟು ಒತ್ತಡ ಕೊಟ್ಟು ನೋಡಬೇಕು; ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಬಿರುಕು ಬಿಟ್ಟರೂ ಬರೀ ಸೋರುತ್ತದೆ, ಸಿಡಿಯುವುದಿಲ್ಲ. ಸೇಫ್ಟಿ ವಾಲ್ವು, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಎರಡೂ ಇರಲೇಬೇಕು. ಹಳೆಯ ಗ್ಯಾಸ್ ಸಿಲಿಂಡರ್, ಡಬ್ಬಿಗಳನ್ನು ಬಾಯ್ಲರ್ ಮಾಡುವ ಯೋಚನೆಯೇ ಬೇಡ. 25 ಲೀಟರಿಗಿಂತ ಚಿಕ್ಕ ಬಾಯ್ಲರುಗಳು ಭಾರತದ ಬಾಯ್ಲರ್ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಇನ್‌ಸ್ಪೆಕ್ಟರ್ ಬಂದು ಪರೀಕ್ಷಿಸುವುದಿಲ್ಲ, ಪೂರ್ತಿ ಹೊಣೆ ಮಾಡಿದವರದೇ. ಬೆಳ್ಳಿ ಬೆಸುಗೆ ಕೈವಶವಾಗುವವರೆಗೆ ಮೊದಲ ಎಂಜಿನ್ನನ್ನು ಗಾಳಿಯಲ್ಲೇ ಓಡಿಸಿ. ಬಾಯ್ಲರ್ ಮಾಡುವಾಗ ಅನುಭವಿ ಫಿಟ್ಟರೊಬ್ಬರು ಜೊತೆಗಿರಲಿ.