ರೌಟರ್ ಬೆನ್ನಿನ ಎಂಟು ಅಂಕಿ

ಮನೆಯ ವೈಫೈ ರೌಟರನ್ನು ಒಮ್ಮೆ ತಿರುಗಿಸಿ ನೋಡಿ. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಪಾಸ್‌ವರ್ಡ್ ಜತೆಗೆ, ಎಷ್ಟೋ ಮಾದರಿಗಳಲ್ಲಿ, ಎಂಟು ಅಂಕಿಯ ‘ಡಬ್ಲ್ಯುಪಿಎಸ್ ಪಿನ್’ ಕೂಡ ಇರುತ್ತದೆ. ಉದ್ದನೆಯ ಪಾಸ್‌ವರ್ಡ್ ಒತ್ತುವ ರಗಳೆ ಇಲ್ಲದೆ ಹೊಸ ಸಾಧನಗಳನ್ನು ಜೋಡಿಸಲೆಂದು ಬಂದ ಏರ್ಪಾಡು ಇದು.

ಎಂಟು ಅಂಕಿ ಎಂದರೆ ಹತ್ತು ಕೋಟಿ ಸಾಧ್ಯತೆ. ಒಂದೊಂದಾಗಿ ಊಹಿಸುತ್ತ ಕೂತರೆ ವರ್ಷಗಳೇ ಹಿಡಿಯಬೇಕು. ಆದರೆ 2011ರಲ್ಲಿ ಆಸ್ಟ್ರಿಯಾದ ಸ್ಟೆಫಾನ್ ಫೀಬೊಕ್ ಇದರ ಹುಳುಕನ್ನು ಬಯಲಿಗೆಳೆದರು. ರೌಟರ್ ಎಂಟೂ ಅಂಕಿಗಳನ್ನು ಒಟ್ಟಿಗೆ ನೋಡುವುದಿಲ್ಲ. ಮೊದಲ ನಾಲ್ಕು ತಪ್ಪಿದ್ದರೆ ಅಲ್ಲೇ ತಿರಸ್ಕರಿಸುತ್ತದೆ, ಸರಿಯಿದ್ದರೆ ಮಾತ್ರ ಮುಂದಿನ ನಾಲ್ಕಕ್ಕೆ ಹೋಗುತ್ತದೆ. ಹೀಗಾಗಿ ಮೊದಲರ್ಧಕ್ಕೆ ಹೆಚ್ಚೆಂದರೆ 10,000 ಊಹೆ. ಕೊನೆಯ ಅಂಕಿ ಹಿಂದಿನ ಏಳರಿಂದ ಲೆಕ್ಕ ಹಾಕಿ ತೆಗೆದದ್ದು, ಆದ್ದರಿಂದ ಉಳಿದರ್ಧಕ್ಕೆ 1,000 ಸಾಕು. ಹತ್ತು ಕೋಟಿ ಹೋಗಿ 11,000ಕ್ಕೆ ಬಂತು! ಒಂದು ಊಹೆಗೆ 3 ಸೆಕೆಂಡ್ ಹಿಡಿದರೂ ಸುಮಾರು 9 ಗಂಟೆಯ ಕೆಲಸ. ಪಿನ್ ಸಿಕ್ಕವರಿಗೆ ವೈಫೈ ಪಾಸ್‌ವರ್ಡನ್ನು ರೌಟರೇ ಒಪ್ಪಿಸಿಬಿಡುತ್ತದೆ. ಅದು ಎಷ್ಟೇ ಉದ್ದವಿದ್ದರೂ ಉಪಯೋಗವಿಲ್ಲ.

ಇದು ಪಕ್ಕದಲ್ಲೇ ಇದ್ದು ಮಾಡುವ ಕಿತಾಪತಿಯಾಯಿತು. ಇಂಟರ್ನೆಟ್ ಕಡೆಯಿಂದ ಬರುವವರನ್ನು ರೌಟರ್ ಸಾಮಾನ್ಯವಾಗಿ ಚೆನ್ನಾಗಿಯೇ ತಡೆಯುತ್ತದೆ. ನಿಮ್ಮ ಕಂಪ್ಯೂಟರ್ ಯಾವುದಾದರೂ ಪುಟ ಕೇಳಿದರೆ, ಕೇಳಿದ್ದು ಯಾರು, ಯಾರನ್ನು ಎಂದು ಅದು ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಆ ಪಟ್ಟಿಗೆ ತಾಳೆಯಾಗುವ ಉತ್ತರವನ್ನಷ್ಟೇ ಒಳಗೆ ಬಿಡುತ್ತದೆ. ಕೇಳದೆ ಬಂದದ್ದೆಲ್ಲ ಹೊರಗೇ ಉಳಿಯುತ್ತದೆ.

ಆದರೆ ಆಫೀಸಿನಲ್ಲಿ ಕೂತು ಮನೆಯ ಸಿಸಿಟಿವಿ ನೋಡುವ ಆಸೆ ನಮಗೆ. ಅದಕ್ಕಾಗಿ ‘ಯುಪಿಎನ್‌ಪಿ’ ಎಂಬ ಇನ್ನೊಂದು ಸೌಕರ್ಯವಿದೆ. ಒಳಗಿನ ಕ್ಯಾಮೆರಾ ‘ಹೊರಗಿನವರನ್ನು ನನ್ನ ಬಳಿ ಬಿಡು’ ಎಂದರೆ, ರೌಟರ್ ಪಾಸ್‌ವರ್ಡ್ ಕೂಡ ಕೇಳದೆ ದಾರಿ ತೆರೆಯುತ್ತದೆ. ಆ ಕ್ಯಾಮೆರಾದಲ್ಲಿ ಕಾರ್ಖಾನೆಯ ಪಾಸ್‌ವರ್ಡೇ ಉಳಿದಿದ್ದರೆ? 2016ರ ‘ಮಿರಾಯ್’ ಕುತಂತ್ರಾಂಶ ಹುಡುಕಿದ್ದು ಇಂಥವನ್ನೇ. ಸುಮಾರು 60 ಜೋಡಿ ಸಿದ್ಧ ಹೆಸರು-ಪಾಸ್‌ವರ್ಡ್ ಹಿಡಿದು ಅದು ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ವಶ ಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಸಾಧನಗಳ ಪಡೆ ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದು, ಅಮೆರಿಕದ ಅನೇಕರಿಗೆ ಟ್ವಿಟರ್, ನೆಟ್‌ಫ್ಲಿಕ್ಸ್ ಸಿಗದಂತೆ ಮಾಡಿತು. ರೀಸ್ಟಾರ್ಟ್ ಮಾಡಿದರೆ ಮಿರಾಯ್ ಅಳಿಸಿಹೋಗುತ್ತಿತ್ತು, ನಿಜ. ಪಾಸ್‌ವರ್ಡ್ ಬದಲಿಸದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ವಕ್ಕರಿಸುತ್ತಿತ್ತು.

ಡಬ್ಲ್ಯುಪಿಎಸ್, ಯುಪಿಎನ್‌ಪಿ ಎರಡರಲ್ಲೂ ಲೆಕ್ಕ ಒಂದೇ: ಸೌಕರ್ಯ ಬೇಕಾದದ್ದು ಕ್ಷಣಹೊತ್ತು, ಕಿಂಡಿ ತೆರೆದಿದ್ದು ವರ್ಷವಿಡೀ. ಆದ್ದರಿಂದ ಸೌಕರ್ಯಗಳನ್ನೆಲ್ಲ ಬಿಡಬೇಕಿಲ್ಲ, ಕೆಲಸ ಮುಗಿದ ಮೇಲೂ ತೆರೆದೇ ಇರುವಂಥವನ್ನು ಮುಚ್ಚಿದರೆ ಸಾಕು. ರೌಟರ್ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎಸ್ ಪಿನ್ ಆಫ್ ಮಾಡಿ. ಯುಪಿಎನ್‌ಪಿ ಇಲ್ಲದೆ ನಿಮ್ಮ ಕೆಲಸ ನಡೆಯುತ್ತದೆಯೇ ಪರೀಕ್ಷಿಸಿ. ರೌಟರ್, ಕ್ಯಾಮೆರಾಗಳ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ಇನ್ನು ಕೆಲವು ಸೌಕರ್ಯಗಳು ಭದ್ರತೆಯ ಪಕ್ಷದವೇ. ತಾನಾಗಿ ಆಗುವ ಅಪ್‌ಡೇಟ್ ನಮ್ಮ ಸೋಮಾರಿತನಕ್ಕೂ ಒಗ್ಗುತ್ತದೆ, ಹುಳುಕನ್ನೂ ಮುಚ್ಚುತ್ತದೆ. ಹಬ್ಬಕ್ಕೆ ಬಂದ ನೆಂಟರ ಮಕ್ಕಳಿಗೆ ಗೆಸ್ಟ್ ನೆಟ್‌ವರ್ಕಿನ ಪಾಸ್‌ವರ್ಡ್ ಕೊಟ್ಟರೆ ಅವರ ಯೂಟ್ಯೂಬೂ ಓಡುತ್ತದೆ, ನಿಮ್ಮ ಕಂಪ್ಯೂಟರೂ ಅವರ ಮೊಬೈಲುಗಳಿಂದ ಬೇರೆಯಾಗಿರುತ್ತದೆ. ಇಂಥವನ್ನು ಇಂದೇ ಆನ್ ಮಾಡಿ.