ಅದೇ ಪ್ರಶ್ನೆ, ಮತ್ತೆ ಮತ್ತೆ

ಒಂದು ಸಂಜೆ ಮಿತ್ರರೊಬ್ಬರ ಮನೆಯಲ್ಲಿದ್ದೆ. ದಿನವೂ ಐದಕ್ಕೆ ಮನೆ ಸೇರುವ ಅವರ ಪತ್ನಿ ಅಂದು ಬರುವುದು ತಡವಾಗಿತ್ತು. ಹನ್ನೆರಡು ವರ್ಷದ ಮಗ ಬಾಗಿಲಲ್ಲಿ ನಿಂತು, "ಅಮ್ಮ ಎಷ್ಟೊತ್ತಿಗೆ ಬರ್ತಾಳೆ?" ಎಂದ. "ಏಳಕ್ಕೆ" ಎಂದರು ತಂದೆ. ಎರಡು ನಿಮಿಷ ಕಳೆಯುವುದರೊಳಗೆ ಅದೇ ಪ್ರಶ್ನೆ, ಅದೇ ಉತ್ತರ. ಎಂಟನೆಯ ಸಲ ತಂದೆ ಗದರಿದರು. ಹುಡುಗ ಕೈಗಳನ್ನು ಪಟಪಟನೆ ಆಡಿಸುತ್ತ ಇನ್ನೂ ಜೋರಾಗಿ ಕೇಳಿದ. ಉತ್ತರ ಬಲ್ಲವನು ಏಕೆ ಕೇಳುತ್ತಾನೆ?

ಆ ಹುಡುಗನಿಗಿರುವುದು 'ಫ್ರಾಜೈಲ್ ಎಕ್ಸ್' ಎಂಬ ಆನುವಂಶಿಕ ಸ್ಥಿತಿ. ಎಕ್ಸ್ ವರ್ಣತಂತುವಿನ ಒಂದು ಜೀನಿನಲ್ಲಿ ಮೂರಕ್ಷರದ ಒಂದು ತುಣುಕು ನಮ್ಮೆಲ್ಲರಲ್ಲೂ ಕೆಲವು ಬಾರಿ ಪುನರಾವರ್ತನೆಗೊಂಡಿರುತ್ತದೆ. ಅದು 200 ಬಾರಿಯನ್ನು ಮೀರಿದಾಗ ಜೀನು ಸ್ತಬ್ಧವಾಗಿ, ನರಕೋಶಗಳ ಸಂಪರ್ಕವನ್ನು ಹದದಲ್ಲಿಡುವ ಪ್ರೋಟೀನು ತಯಾರಾಗದೆ ಹೋಗುತ್ತದೆ. ಈ ಜೀನು ಪತ್ತೆಯಾದದ್ದು 1991ರಲ್ಲಿ. ಇಂಥ ಹುಡುಗರಲ್ಲಿ ಅನೇಕರಿಗೆ ಸ್ವಮಗ್ನತೆ, ಅಂದರೆ ಆಟಿಸಂ, ಇರುತ್ತದೆ. ಜೀನಿನ ಪುನರುಕ್ತಿಯೇ ಮಾತಿನ ಪುನರುಕ್ತಿಯಾಯಿತೆಂದು ಸಾಹಿತ್ಯಪ್ರಿಯರಿಗೆ ತೋರೀತು. ಆದರೆ ಅದು ಬರಿಯ ಉಪಮೆ. ಜೀನಿಗೂ ನಡತೆಗೂ ನಡುವೆ ಒಂದು ಮನಸ್ಸಿದೆ.

ಆ ಮನಸ್ಸಿನ ಒಂದು ತೊಡಕು ಬುದ್ಧಿಗೆ ಸಂಬಂಧಿಸಿದ್ದು: ಹಿಡಿದ ವಿಚಾರವನ್ನು ಬಿಟ್ಟು ಇನ್ನೊಂದಕ್ಕೆ ಹೊರಳುವ ಕಷ್ಟ. 15ನೆಯ ವರ್ಣತಂತುವಿನ ಲೋಪದಿಂದ ಬರುವ ಪ್ರೇಡರ್-ವಿಲಿ ಸ್ಥಿತಿಯಲ್ಲಿ, ಹೀಗೆ ಹೊರಳಲಾಗದ ಕಷ್ಟ ಹೆಚ್ಚಿದ್ದಲ್ಲಿ ದಿನಚರಿ ಬದಲಾಗಬಾರದೆಂಬ ಹಟವೂ ಹೆಚ್ಚಿರುವುದನ್ನು ಇಂಗ್ಲೆಂಡಿನ ಸಂಶೋಧಕರು 2009ರಲ್ಲಿ ವರದಿ ಮಾಡಿದರು. ಐದು ಗಂಟೆ ಏಳಾಯಿತೆಂಬುದು ನಮಗೆ ಸಣ್ಣ ಸಂಗತಿ. ಆ ಹುಡುಗನಿಗೆ ಇಡೀ ಸಂಜೆಯನ್ನೇ ಹೊಸದಾಗಿ ಕಟ್ಟಿಕೊಳ್ಳಬೇಕಾದ ಕೆಲಸ.

ಇನ್ನೊಂದು ತೊಡಕು ಭಾವಕ್ಕೆ ಸಂಬಂಧಿಸಿದ್ದು. ಫ್ರಾಜೈಲ್ ಎಕ್ಸ್ ಇರುವವರಲ್ಲಿ ಅನೇಕರು ಸದ್ದಿಗೆ, ಜನಸಂದಣಿಗೆ, ನೇರ ನೋಟಕ್ಕೆ ಬಹುಬೇಗ ಕಳವಳಗೊಳ್ಳುತ್ತಾರೆ. 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದಾಗಲೇ ಲಿಯೋ ಕ್ಯಾನರ್, ಎಲ್ಲವೂ ಇದ್ದಂತೆಯೇ ಇರಲೆಂಬ ಅವರ ಬಯಕೆಯಲ್ಲಿ ಆತಂಕವನ್ನು ಗುರುತಿಸಿದ್ದರು. ಎಲ್ಲ ಪುನರಾವರ್ತನೆಯೂ ಭಯದ್ದಲ್ಲ, ಸಂತೋಷಕ್ಕೂ ಕೈ ಆಡೀತು. ಆದರೆ ಸುತ್ತಲಿನದು ಕದಲಿದಾಗ, ಗೊತ್ತಿರುವ ಪ್ರಶ್ನೆಗೆ ಗೊತ್ತಿರುವ ಉತ್ತರ ದೊರೆಯುವುದೇ ಕಾಲೂರಲು ನೆಲ. ಗದರಿದರೆ ಆ ನೆಲವೂ ಕುಸಿಯುತ್ತದೆ.

ಮುಂದೊಮ್ಮೆ ಹೋದಾಗ ಗೋಡೆಯ ಮೇಲೆ ಕಾಗದದ ಗಡಿಯಾರವೊಂದನ್ನು ಕಂಡೆ. ತಾಯಿ ತಡವಾಗಿ ಬರುವ ದಿನ ಬೆಳಗ್ಗೆಯೇ ಅದರ ಮುಳ್ಳನ್ನು ತಿರುಗಿಸಿ ಹುಡುಗನಿಗೆ ತೋರಿಸುತ್ತಾರಂತೆ. ಅಂದೂ ಅವನು ನಾಲ್ಕು ಸಲ ಕೇಳಿದ. ತಂದೆ ನಾಲ್ಕು ಸಲವೂ ಮಾತಿಲ್ಲದೆ ಗಡಿಯಾರದತ್ತ ಬೆರಳು ತೋರಿಸಿದರು. ಕೊನೆಯ ಸಲ ಹುಡುಗ ತಾನೇ "ಏಳಕ್ಕೆ" ಎಂದು ಹೇಳಿಕೊಂಡು ಒಳಗೆ ಹೋದ.