ಕಲಿಕಾ ಪರವಾನಗಿಯಿಂದ ಚಾಲನಾ ಪರೀಕ್ಷೆಯವರೆಗೆ: ವ್ಯಾಪಾರಸ್ಥರು ಗಮನಿಸಬೇಕಾದ ಅಂಶಗಳು

ಸಣ್ಣ ಪ್ರಮಾಣದ ವ್ಯಾಪಾರ ಮತ್ತು ಉತ್ಪಾದನಾ ಘಟಕಗಳಲ್ಲಿ ಪ್ರತ್ಯೇಕ ಚಾಲಕನನ್ನು ನೇಮಿಸಿಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಗಿರಾಕಿಗೆ ಸರಕು ತಲುಪಿಸುವುದು, ಬ್ಯಾಂಕಿಗೆ ಹೋಗಿಬರುವುದು, ಬಾಕಿ ವಸೂಲಿಗಾಗಿ ಊರೂರು ತಿರುಗುವುದು ಮುಂತಾದ ಕೆಲಸಗಳು ಮಾಲೀಕರ, ಅವರ ಮಕ್ಕಳ ಅಥವಾ ಅಂಗಡಿಯ ನೌಕರರ ಪಾಲಿಗೇ ಬರುತ್ತವೆ. ಹೀಗಾಗಿ ವಾಹನ ಚಾಲನೆ ಕಲಿಯುವುದು ಇಂದು ವ್ಯವಹಾರದ ಒಂದು ಅಂಗವೇ ಆಗಿದೆ. ಆದರೂ ಚಾಲನಾ ಪರೀಕ್ಷೆ ಎಂದರೆ ಮೈದಾನದಲ್ಲಿ ಒಮ್ಮೆ ‘ಎಂಟು’ ಹಾಕಿ ತೋರಿಸುವ ವಿಧಿ ಮಾತ್ರ ಎಂಬ ಭಾವನೆ ಅನೇಕರಲ್ಲಿದೆ. ಈ ಭಾವನೆಯ ಬೆಲೆ ಎಷ್ಟೆಂಬುದು ಅಪಘಾತವಾದ ದಿನವಷ್ಟೇ ತಿಳಿಯುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಹಾರ್ಡ್‌ವೇರ್ ವ್ಯಾಪಾರಿಯೊಬ್ಬರ ಸಣ್ಣ ಸರಕು ವಾಹನದ ಚಾಲಕ ಒಂದು ದಿನ ರಜೆ ಹಾಕುತ್ತಾನೆ. ಅಂಗಡಿಯ ಹುಡುಗನಿಗೆ ಕಲಿಕಾ ಪರವಾನಗಿ ದೊರೆತು ಇಪ್ಪತ್ತು ದಿನಗಳಾಗಿವೆ. ‘ಇಲ್ಲೇ ಹತ್ತಿರವಲ್ಲವೇ’ ಎಂದು ಸಿಮೆಂಟ್ ಚೀಲಗಳನ್ನು ಹೇರಿ ಅವನೊಬ್ಬನನ್ನೇ ಕಳುಹಿಸುತ್ತಾರೆ. ತಿರುವಿನಲ್ಲಿ ವಾಹನ ಸ್ಕೂಟರಿಗೆ ಡಿಕ್ಕಿ ಹೊಡೆಯುತ್ತದೆ. ವಿಮೆಯ ಕಂತನ್ನು ತಪ್ಪದೆ ಕಟ್ಟಲಾಗಿದೆ, ಹುಡುಗನ ಬಳಿ ಪರವಾನಗಿಯೂ ಇದೆ. ಹಾಗಿದ್ದರೂ ನಷ್ಟವೆಲ್ಲ ವಿಮಾ ಕಂಪನಿಯಿಂದ ಭರ್ತಿಯಾಗುತ್ತದೆಯೇ?

ಕಲಿಕಾ ಪರವಾನಗಿಯ ಮಿತಿಗಳು

ಕಲಿಕಾ ಪರವಾನಗಿಯು ಆರು ತಿಂಗಳ ಅವಧಿಗೆ ಊರ್ಜಿತವಾಗಿರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 3ನೇ ನಿಯಮವು ಅದಕ್ಕೆ ಸ್ಪಷ್ಟ ಷರತ್ತುಗಳನ್ನು ವಿಧಿಸಿದೆ. ಕಲಿಯುವವರ ಜೊತೆಯಲ್ಲಿ ಊರ್ಜಿತ ಚಾಲನಾ ಪರವಾನಗಿ ಹೊಂದಿದ ಬೋಧಕರು ಇರಬೇಕು. ಅವರು ವಾಹನವನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಸಾಧ್ಯವಾಗುವ ಸ್ಥಳದಲ್ಲಿ ಕುಳಿತಿರಬೇಕು. ವಾಹನದ ಮುಂದೆ ಮತ್ತು ಹಿಂದೆ ಬಿಳಿಯ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರದ ಫಲಕವಿರಬೇಕು. ದ್ವಿಚಕ್ರ ವಾಹನ ಕಲಿಯುವವರು ಬೋಧಕರ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ.

ಈ ಷರತ್ತುಗಳಿಗೂ ವಿಮೆಗೂ ನೇರ ಸಂಬಂಧವಿದೆ. ಸರಕು ವಾಹನಗಳ ವಿಮಾ ಪಾಲಿಸಿಯ ಚಾಲಕ ಷರತ್ತನ್ನು ಓದಿದರೆ, ಕಲಿಕಾ ಪರವಾನಗಿ ಉಳ್ಳವರು 3ನೇ ನಿಯಮವನ್ನು ಪಾಲಿಸಿ ವಾಹನ ಚಲಾಯಿಸಬಹುದು, ಆದರೆ ಅಪಘಾತದ ಸಮಯದಲ್ಲಿ ವಾಹನವು ಸರಕು ಸಾಗಣೆಯಲ್ಲಿ ತೊಡಗಿರಬಾರದು ಎಂಬ ಒಕ್ಕಣೆ ಕಂಡುಬರುತ್ತದೆ. ಮೇಲಿನ ಉದಾಹರಣೆಯಲ್ಲಿ ಬೋಧಕರೂ ಇರಲಿಲ್ಲ, ವಾಹನದಲ್ಲಿ ಸರಕೂ ಇತ್ತು. ಆದ್ದರಿಂದ ವಾಹನದ ಸ್ವಂತ ಹಾನಿಯ ಕ್ಲೇಮು ತಿರಸ್ಕೃತವಾಗುವ ಸಾಧ್ಯತೆಯೇ ಹೆಚ್ಚು.

ಗಾಯಗೊಂಡ ಮೂರನೆಯ ವ್ಯಕ್ತಿಯ ಪರಿಹಾರದ ವಿಷಯ ಬೇರೆ. ನ್ಯಾಷನಲ್ ಇನ್ಶೂರೆನ್ಸ್ ಕಂಪನಿ ವಿರುದ್ಧ ಸ್ವರಣ್ ಸಿಂಗ್ ಪ್ರಕರಣದಲ್ಲಿ (2004) ಸರ್ವೋಚ್ಚ ನ್ಯಾಯಾಲಯವು, ಕಲಿಕಾ ಪರವಾನಗಿ ಹೊಂದಿದವರು ವಾಹನ ಚಲಾಯಿಸುತ್ತಿದ್ದರೂ ವಿಮಾ ಕಂಪನಿ ಪರಿಹಾರಕ್ಕೆ ಬಾಧ್ಯವೆಂದು ಹೇಳಿದೆ. ಅದೇ ತೀರ್ಪಿನ ಪ್ರಕಾರ, ಪರವಾನಗಿಯ ಷರತ್ತನ್ನು ಮಾಲೀಕರು ತಿಳಿದೂ ಉಲ್ಲಂಘಿಸಿದರೆಂದು ಕಂಪನಿ ಸಾಬೀತುಪಡಿಸಿದ ಸಂದರ್ಭಗಳಲ್ಲಿ, ಮೊದಲು ಸಂತ್ರಸ್ತರಿಗೆ ಪಾವತಿಸಿ ನಂತರ ಆ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳಲು ಆಸ್ಪದವಿದೆ. ಪರವಾನಗಿಯೇ ಇಲ್ಲದವರ ಕೈಗೆ ವಾಹನ ಕೊಡುವುದಂತೂ ಮೋಟಾರು ವಾಹನ ಕಾಯ್ದೆ, 1988ರ 5ನೇ ಪ್ರಕರಣದ ಪ್ರಕಾರ ನಿಷಿದ್ಧ. 2019ರ ತಿದ್ದುಪಡಿಯ ನಂತರ 180ನೇ ಪ್ರಕರಣದನ್ವಯ ಇದಕ್ಕೆ ಮಾಲೀಕರಿಗೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಪರೀಕ್ಷೆಯಲ್ಲಿ ನೋಡುವುದೇನು?

ಕಲಿಕಾ ಪರವಾನಗಿ ಪಡೆದು ಕನಿಷ್ಠ 30 ದಿನಗಳು ಕಳೆಯುವವರೆಗೆ ಚಾಲನಾ ಪರೀಕ್ಷೆಗೆ ಹಾಜರಾಗುವಂತಿಲ್ಲ. ಈ 30 ದಿನಗಳನ್ನು ಕಾಯುವ ಕಾಲವೆಂದು ತಿಳಿಯದೆ ಸಿದ್ಧತೆಯ ಕಾಲವೆಂದು ತಿಳಿಯುವುದು ಲೇಸು. ಪರೀಕ್ಷೆಯಲ್ಲಿ ಏನನ್ನು ಪರಿಶೀಲಿಸಬೇಕೆಂಬುದು ಗುಟ್ಟಿನ ವಿಷಯವೇನಲ್ಲ. ಅದರ ಪೂರ್ಣ ಪಟ್ಟಿ 15ನೇ ನಿಯಮದಲ್ಲಿಯೇ ಇದೆ. ಅದರಲ್ಲಿನ ಮುಖ್ಯ ಅಂಶಗಳು ಹೀಗಿವೆ:

1. ಹೊರಡುವ ಮೊದಲು ಹಿನ್ನೋಟದ ಕನ್ನಡಿಯನ್ನು ಸರಿಪಡಿಸಿಕೊಳ್ಳುವುದು, ಸುರಕ್ಷಿತವಾಗಿ ವಾಹನವನ್ನು ಮುಂದಕ್ಕೆ ತೆಗೆಯುವುದು, ಕ್ರಮವಾಗಿ ಮೇಲಿನ ಗೇರಿಗೆ ಹೋಗುವುದು ಹಾಗೂ ಅಗತ್ಯವಿದ್ದಾಗ ಶೀಘ್ರವಾಗಿ ಕೆಳಗಿನ ಗೇರಿಗೆ ಬರುವುದು.

2. ಏರಿನಲ್ಲಿ ವಾಹನವನ್ನು ನಿಲ್ಲಿಸಿ, ಹಿಂದಕ್ಕೆ ಜಾರಲು ಬಿಡದೆ ಮತ್ತೆ ಹೊರಡಿಸುವುದು.

3. ಹಿಮ್ಮುಖವಾಗಿ ಚಲಿಸಿ, ಎಡಕ್ಕೆ ಅಥವಾ ಬಲಕ್ಕೆ ಇರುವ ಸೀಮಿತ ಜಾಗದೊಳಗೆ ವಾಹನವನ್ನು ಹತೋಟಿಯಲ್ಲಿಟ್ಟು ಸೇರಿಸುವುದು.

4. ಸಂಕೇತ ನೀಡುವ ಮೊದಲು, ಪಥ ಬದಲಿಸುವ ಮೊದಲು ಮತ್ತು ಮುಂದಿನ ವಾಹನವನ್ನು ಹಿಂದಿಕ್ಕುವ ಮೊದಲು ಕನ್ನಡಿ ನೋಡುವುದು. ಸಕಾಲದಲ್ಲಿ ಸರಿಯಾದ ಸಂಕೇತ ಕೊಡುವುದು.

5. ಕೂಡುರಸ್ತೆ ಹಾಗೂ ಪಾದಚಾರಿ ದಾಟುಗಳಲ್ಲಿ ಸರಿಯಾಗಿ ನಡೆದುಕೊಳ್ಳುವುದು. ಪಾದಚಾರಿಗಳು ಮತ್ತು ಇತರ ಚಾಲಕರು ಏನು ಮಾಡಬಹುದೆಂಬುದನ್ನು ಮುಂದಾಗಿ ಊಹಿಸುವುದು.

6. ತುರ್ತು ಸಂದರ್ಭದಲ್ಲಿಯೂ ಸಾಮಾನ್ಯ ಸಂದರ್ಭದಲ್ಲಿಯೂ ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸುವುದು.

ಮೂವತ್ತು ದಿನಗಳ ಹಂಚಿಕೆ

ಮೊದಲ ವಾರವನ್ನು ಖಾಲಿ ಮೈದಾನದಲ್ಲಿ ಕ್ಲಚ್, ಗೇರು ಮತ್ತು ಬ್ರೇಕುಗಳ ಹೊಂದಾಣಿಕೆಗೆ ಮೀಸಲಿಡಬಹುದು. ಎಂಜಿನ್ ನಿಂತುಹೋಗದಂತೆ ಕ್ಲಚ್ ಬಿಡುವುದು ರೂಢಿಯಾದ ಹೊರತು ರಸ್ತೆಗೆ ಇಳಿಯಬಾರದು. ಎರಡನೆಯ ವಾರ ಹಿಮ್ಮುಖ ಚಾಲನೆಗೆ ಯೋಗ್ಯ. ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದು, ಗೆರೆ ಮುಟ್ಟದೆ ವಾಹನವನ್ನು ಒಳಸೇರಿಸಿ ಹೊರತರುವುದನ್ನು ಅಭ್ಯಾಸ ಮಾಡಬೇಕು. ದ್ವಿಚಕ್ರ ವಾಹನದವರು ಕಾಲೂರದೆ ನಿಧಾನವಾಗಿ ಎಂಟರ ಆಕಾರದಲ್ಲಿ ಸುತ್ತುವುದನ್ನು ಈ ವಾರವೇ ಸಾಧಿಸಬೇಕು. ವೇಗ ಕಡಿಮೆಯಾದಷ್ಟೂ ಸಮತೋಲನ ಕಷ್ಟವೆಂಬುದನ್ನು ಮರೆಯಬಾರದು.

ಮೂರನೆಯ ವಾರ ಏರು ರಸ್ತೆ ಮತ್ತು ಕೂಡುರಸ್ತೆಗಳ ಸರದಿ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಎಂಜಿನ್ ಸದ್ದು ತಗ್ಗಿ ವಾಹನ ಮುಂದಕ್ಕೆ ಎಳೆಯತೊಡಗಿದಾಗ ಹ್ಯಾಂಡ್‌ಬ್ರೇಕ್ ಸಡಿಲಿಸಿದರೆ ವಾಹನ ಹಿಂದಕ್ಕೆ ಜಾರುವುದಿಲ್ಲ. ಕೊನೆಯ ವಾರ ಬೋಧಕರು ಮಾತನಾಡದೆ ಪಕ್ಕದಲ್ಲಿ ಕುಳಿತು, ಆದ ತಪ್ಪುಗಳನ್ನು ಕಾಗದದಲ್ಲಿ ಗುರುತಿಸಿಕೊಳ್ಳುವುದು ಉತ್ತಮ ಕ್ರಮ. ಕನ್ನಡಿ ನೋಡದಿರುವುದು, ತಿರುವಿನ ನಂತರ ಇಂಡಿಕೇಟರ್ ಆರಿಸದಿರುವುದು, ನಿಂತಾಗಲೂ ಕಾಲನ್ನು ಕ್ಲಚ್ಚಿನ ಮೇಲೆಯೇ ಇಡುವುದು ಇತ್ಯಾದಿ ತಪ್ಪುಗಳು ಕಲಿಯುವವರ ಗಮನಕ್ಕೆ ತಾವಾಗಿ ಬರುವುದಿಲ್ಲ.

ಪರೀಕ್ಷೆಯ ದಿನ ಕಲಿಕಾ ಪರವಾನಗಿ ಹಾಗೂ ಗುರುತಿನ ದಾಖಲೆಗಳ ಜೊತೆಗೆ ವಾಹನದ ನೋಂದಣಿ, ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರಗಳು ಚಾಲ್ತಿಯಲ್ಲಿವೆಯೇ ಎಂದು ನೋಡಿಕೊಳ್ಳಬೇಕು. ಬೇರೆಯವರ ವಾಹನ ಒಯ್ಯುವುದಾದರೆ ಹಿಂದಿನ ದಿನವೇ ಬೋಧಕರೊಡನೆ ಅದನ್ನು ಓಡಿಸಿ ಕ್ಲಚ್ಚಿನ ಬಿಗಿಯನ್ನು ಅರಿತಿರಬೇಕು. ಸ್ವಯಂಚಾಲಿತ ಪರೀಕ್ಷಾ ಪಥಗಳಿರುವ ಕಡೆ ತಪ್ಪುಗಳನ್ನು ಯಂತ್ರವೇ ದಾಖಲಿಸುವುದರಿಂದ ಅಲ್ಲಿ ಪರಿಚಯ, ಶಿಫಾರಸುಗಳನ್ನು ನೆಚ್ಚಿಕೊಂಡು ಪ್ರಯೋಜನವಿಲ್ಲ.

ಅನುತ್ತೀರ್ಣರಾದರೆ

ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಏಳು ದಿನಗಳ ನಂತರ ಮತ್ತೆ ಹಾಜರಾಗಬಹುದು. ಮೂರು ಬಾರಿಯೂ ವಿಫಲರಾದರೆ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕಲ್ಲದೆ, 2019ರ ತಿದ್ದುಪಡಿಯ ಪ್ರಕಾರ ಪರಿಹಾರಾತ್ಮಕ ತರಬೇತಿಯನ್ನೂ ಪೂರೈಸಬೇಕಾಗುತ್ತದೆ. ಒಂದು ವರ್ಗದ ವಾಹನದ ಪರೀಕ್ಷೆಗೆ ಕೇಂದ್ರ ನಿಯಮಗಳಲ್ಲಿ ನಿಗದಿಯಾಗಿರುವ ಶುಲ್ಕ 300 ರೂ. ಮಾತ್ರ. ಮರುಪರೀಕ್ಷೆಯ ಈ ಖರ್ಚನ್ನು ಉಳಿಸಲು ಹೋಗಿ ಮಧ್ಯವರ್ತಿಗಳ ಮೂಲಕ ಪರವಾನಗಿ ಪಡೆಯುವುದು ವ್ಯವಹಾರ ಬಲ್ಲವರು ಮಾಡುವ ಲೆಕ್ಕಾಚಾರವಲ್ಲ.

ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮಗಳು 2021ರ ಜುಲೈ 1ರಿಂದ ಜಾರಿಗೆ ಬಂದಿವೆ. ಅಂಥ ಕೇಂದ್ರದಲ್ಲಿ ಲಘು ಮೋಟಾರು ವಾಹನದ 29 ಗಂಟೆಗಳ ಶಿಕ್ಷಣವನ್ನು ಯಶಸ್ವಿಯಾಗಿ ಮುಗಿಸಿದವರಿಗೆ ಸಾರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಸಾಮಾನ್ಯ ಚಾಲನಾ ಶಾಲೆಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಸರಕು ವಾಹನ ಚಲಾಯಿಸಬಹುದೇ?

ಲಘು ಮೋಟಾರು ವಾಹನದ ಪರವಾನಗಿ ಪಡೆದವರು ಸಣ್ಣ ಸರಕು ವಾಹನವನ್ನು ಓಡಿಸಬಹುದೇ ಎಂಬ ಪ್ರಶ್ನೆ ಬಹುಕಾಲ ವಿವಾದದಲ್ಲಿತ್ತು. 2024ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಬಜಾಜ್ ಅಲಯನ್ಸ್ ವಿರುದ್ಧ ರಂಭಾ ದೇವಿ ಪ್ರಕರಣದಲ್ಲಿ, ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಚಲಾಯಿಸಲು ಇವರಿಗೆ ಪ್ರತ್ಯೇಕ ಅನುಮೋದನೆ ಬೇಕಿಲ್ಲವೆಂದು ಇತ್ಯರ್ಥಪಡಿಸಿದೆ. ಆದರೆ ಸಾರಿಗೆ ವಾಹನ ಚಾಲನೆಗೆ ಕನಿಷ್ಠ 20 ವರ್ಷ ವಯಸ್ಸಾಗಿರಬೇಕೆಂಬ ಕಾಯ್ದೆಯ ನಿಬಂಧನೆಯನ್ನು ಮರೆಯಬಾರದು. 18 ತುಂಬಿದ ಮಗನಿಗೆ ಕಾರಿನ ಪರವಾನಗಿ ದೊರೆತ ಮಾತ್ರಕ್ಕೆ ಸರಕು ವಾಹನವನ್ನು ಅವನಿಗೆ ಒಪ್ಪಿಸಲಾಗದು.

ಕಚೇರಿಯ ಕಡತದಲ್ಲಿ

ವಾಹನ ಮುಟ್ಟುವ ಪ್ರತಿಯೊಬ್ಬರ ಪರವಾನಗಿಯ ಪ್ರತಿ, ವಾಹನದ ವರ್ಗ ಮತ್ತು ಅವಧಿ ಮುಗಿಯುವ ದಿನಾಂಕಗಳನ್ನು ಒಂದು ವಹಿಯಲ್ಲಿ ಬರೆದಿಡುವುದು ಕ್ಷೇಮಕರ. ಅವಧಿ ಮುಗಿದು ಒಂದು ವರ್ಷ ದಾಟಿದ ಪರವಾನಗಿಯನ್ನು ನವೀಕರಿಸಬೇಕಾದರೆ ಚಾಲನಾ ಪರೀಕ್ಷೆಯನ್ನು ಮತ್ತೊಮ್ಮೆ ಎದುರಿಸಬೇಕಾಗುತ್ತದೆ. ಹಿರಿಯ ಮಾಲೀಕರೂ ಇದಕ್ಕೆ ಹೊರತಲ್ಲ. ಕಲಿಕಾ ಪರವಾನಗಿ ಉಳ್ಳವರ ಹೆಸರಿನ ಮುಂದೆ ‘ಸರಕಿನೊಡನೆ ಇಲ್ಲ, ಒಂಟಿಯಾಗಿ ಇಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟರೆ, ಚಾಲಕ ರಜೆ ಹಾಕಿದ ದಿನ ಮಾಲೀಕರು ಅವಸರದ ನಿರ್ಧಾರ ಕೈಗೊಳ್ಳುವುದು ತಪ್ಪುತ್ತದೆ. ಒಂದು ದಿನ ಸರಕು ತಡವಾಗಿ ತಲುಪಿದರೆ ಗಿರಾಕಿಗೆ ಸಮಾಧಾನ ಹೇಳಬಹುದು. ಗಾಯಗೊಂಡವರ ಮನೆಯವರಿಗೆ ಹೇಳಲು ಮಾತು ಸಿಗುವುದಿಲ್ಲ.